ಹರಳುಗಳಲ್ಲಿ ಎಡ-ಬಲ ಕಂಡ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು ಎಂದು ನೀವು ಥಟ್ಟನೆ ಹೇಳುತ್ತೀರಿ. ಅದಕ್ಕೂ ಬಹಳ ಮೊದಲು, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವರು ಹರಳುಗಳನ್ನು ಆರಿಸುತ್ತಾ ಕುಳಿತಿದ್ದರು!

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ತಂದೆ ತೊಗಲು ಹದಮಾಡುವ ಕಸುಬಿನವರು. ಬಾಲಕ ಲೂಯಿಗೆ ಚಿತ್ರ ಬರೆಯುವುದೆಂದರೆ ಇಷ್ಟ. ಅಪ್ಪ, ಅಮ್ಮ, ನೆರೆಹೊರೆಯವರ ಮುಖಗಳನ್ನು ನೋಡಿ ನೋಡಿ ಬರೆಯುತ್ತಿದ್ದ. ಆ ಕಣ್ಣೇ ಮುಂದೆ ಅವರ ಕೈಹಿಡಿಯಿತು ಎನ್ನಬಹುದು.

ಆಗ ರಸಾಯನವಿಜ್ಞಾನದಲ್ಲಿ ಒಂದು ಒಗಟು ಇತ್ತು. ದ್ರಾಕ್ಷಾರಸದ ಪೀಪಾಯಿಗಳ ಒಳಗೆ ಅಂಟುವ ಗಟ್ಟಿ ಪದಾರ್ಥದಿಂದ ಟಾರ್ಟಾರಿಕ್ ಆಮ್ಲ ಪಡೆಯುತ್ತಿದ್ದರು. ನಮ್ಮ ಹುಣಸೆಹಣ್ಣಿನ ಹುಳಿಗೂ ಇದೇ ಕಾರಣ. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಇದರ ದ್ರಾವಣದ ಮೂಲಕ ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತಿತ್ತು. ಪ್ಯಾರಾಟಾರ್ಟಾರಿಕ್ ಎಂಬ ಇನ್ನೊಂದು ಆಮ್ಲದಲ್ಲೂ ಅವೇ ಪರಮಾಣುಗಳು, ಅದೇ ಪ್ರಮಾಣದಲ್ಲಿ. ಆದರೆ ಅದು ಬೆಳಕನ್ನು ಎತ್ತಲೂ ತಿರುಗಿಸುತ್ತಿರಲಿಲ್ಲ. ಎರಡರ ಸೋಡಿಯಂ ಅಮೋನಿಯಂ ಲವಣದ ಹರಳುಗಳೂ ಒಂದೇ ಆಕಾರದವು ಎಂದು ಜರ್ಮನಿಯ ಹೆಸರಾಂತ ವಿಜ್ಞಾನಿ ಮಿಚೆರ್ಲಿಖ್ 1844ರಲ್ಲಿ ಸಾರಿದ್ದರು.

1848ರಲ್ಲಿ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಆ ಹರಳುಗಳನ್ನು ತಾವೇ ಬೆಳೆಸಿ ನೋಡಿದರು. ಹರಳಿನ ಅಂಚಿನಲ್ಲಿ ಓರೆಯಾದ ಒಂದು ಪುಟ್ಟ ಮುಖ ಕಂಡಿತು. ಟಾರ್ಟಾರಿಕ್ ಲವಣದಲ್ಲಿ ಅದು ಯಾವಾಗಲೂ ಒಂದೇ ಕಡೆಗೆ. ಪ್ಯಾರಾಟಾರ್ಟಾರಿಕ್ ಲವಣದಲ್ಲಾದರೋ ಕೆಲವು ಹರಳುಗಳಲ್ಲಿ ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ! ನಮ್ಮ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವರು ಹರಳುಗಳನ್ನು ಆರಿಸಿ ಎರಡು ಗುಂಪು ಮಾಡಿದರು. ಬೇರೆಬೇರೆಯಾಗಿ ಕರಗಿಸಿದಾಗ ಒಂದು ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಸಮವಾಗಿ ಬೆರೆಸಿದರೆ ತಿರುಗುವುದೇ ಇಲ್ಲ.

ಹೆಸರಿಲ್ಲದ ತರುಣನ ಮಾತನ್ನು ನಂಬುವವರು ಯಾರು? ಇಂಥ ಬೆಳಕಿನ ಅಧ್ಯಯನದಲ್ಲಿ ಹಿರಿಯರಾದ ಬಿಯೋ ಅವರಿಗೆ ಆಗ 74 ವರ್ಷ. ಅವರು ಪಾಶ್ಚರರನ್ನು ಕರೆಸಿ, ಆಮ್ಲವನ್ನು ತಾವೇ ಕೊಟ್ಟು, ತಮ್ಮೆದುರಿಗೇ ದ್ರಾವಣ ಮಾಡಿಸಿದರು. ಬಟ್ಟಲನ್ನು ತಮ್ಮಲ್ಲೇ ಇರಿಸಿಕೊಂಡರು. ಹರಳು ಬೆಳೆದ ಮೇಲೆ ಪಾಶ್ಚರರಿಂದ ಆರಿಸಿ, ಎಡ ಬಗೆಯನ್ನೇ ಮೊದಲು ಪರೀಕ್ಷಿಸಿದರು. ಬೆಳಕು ಎಡಕ್ಕೆ ತಿರುಗಿತ್ತು. ಭಾವುಕರಾದ ಮುದುಕರು ತರುಣನ ತೋಳು ಹಿಡಿದುಕೊಂಡರು.

ಆ ಬಟ್ಟಲಿನಲ್ಲಿ ಎಡ ಅಣುಗಳು ಎಡ ಅಣುಗಳನ್ನೇ ಸೇರಿದ್ದು ಹೇಗೆ? ಅಣುಗಳಿಗೆ ಕಣ್ಣಿಲ್ಲವಲ್ಲ! ನೀರು ಆರಿದಂತೆ ಅವು ಹತ್ತಿರ ಬರುತ್ತವೆ. ಒಂದು ಅಣುವಿನ ಹೈಡ್ರೋಜನ್ ಇನ್ನೊಂದರ ಆಕ್ಸಿಜನ್ನಿನತ್ತ ಸೆಳೆತಕ್ಕೆ ಒಳಗಾಗುತ್ತದೆ. ಇದಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ಇಂಥ ಹಲವು ಸೆಳೆತಗಳು ಸೇರಿ ಅಣು ಎಲ್ಲಿ, ಯಾವ ಭಂಗಿಯಲ್ಲಿ ಕೂರಬೇಕೆಂದು ತೀರ್ಮಾನಿಸುತ್ತವೆ. ಗೆಳೆಯನ ಕೈ ಕುಲುಕಿ ನೋಡಿ. ಬಲಗೈಗೆ ಬಲಗೈಯೇ ಒಪ್ಪುತ್ತದೆ. ನಮಸ್ಕಾರ ಮಾಡುವಾಗ ಮಾತ್ರ ಬಲಗೈಗೆ ಎಡಗೈ ಬೇಕು. ಎಡ-ಬಲ ಬೆರೆತ ಸಾವಯವ ಸಂಯುಕ್ತಗಳಲ್ಲಿ ಬಹುಪಾಲು ನಮಸ್ಕಾರದಂತೆ ಜೋಡಿಯಾಗಿಯೇ ಹರಳಾಗುತ್ತವೆ. ಪಾಶ್ಚರರ ಲವಣ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೈ ಕುಲುಕುವ ರೀತಿ ಹಿಡಿಯುತ್ತದೆ. ಅದಕ್ಕಿಂತ ಬಿಸಿಯಾದರೆ ನಮಸ್ಕಾರದ ರೀತಿ. ಕಡುಬೇಸಿಗೆಯ ಸೆಖೆಯಲ್ಲಿ ಪ್ರಯೋಗ ಮಾಡಿದ್ದರೆ ಆರಿಸಲು ಏನೂ ಸಿಗುತ್ತಿರಲಿಲ್ಲ!

ಮುಂದೆ ಇದೇ ಆಮ್ಲದ ದ್ರಾವಣದಲ್ಲಿ ಬೂಷ್ಟು ಬೆಳೆದಾಗ, ಅದು ಬಲ ಬಗೆಯನ್ನು ತಿಂದು ಎಡದ್ದನ್ನು ಉಳಿಸುವುದನ್ನು ಪಾಶ್ಚರ್ ಕಂಡರು. ಹರಳುಗಳಿಂದ ಹೊರಟವರು ಸೂಕ್ಷ್ಮಜೀವಿಗಳ ಲೋಕಕ್ಕೆ ಬಂದಿದ್ದರು. 1868ರಲ್ಲಿ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಕೊಡಿಸಿದರು, ಅವನು ಬದುಕಿದ. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು.