ಸೊಂಟದ ಕೀಲಿಗೆ ಮರುಜೀವ ಕೊಟ್ಟ ಸರ್ ಜಾನ್ ಚಾರ್ನ್ಲಿ

ಸೊಂಟದ ಕೀಲು ಸವೆದರೆ ಎದ್ದು ನಡೆಯುವುದಿರಲಿ, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟ. ಇಂದು ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲೂ ಕೃತಕ ಕೀಲು ಜೋಡಿಸುತ್ತಾರೆ. ರೋಗಿಗಳು ಕೆಲವೇ ದಿನಗಳಲ್ಲಿ ಎದ್ದು ನಡೆದು ಮನೆಗೆ ಹೋಗುವುದನ್ನು ನಾವು ಕಾಣುತ್ತೇವೆ. ಈ ಚಿಕಿತ್ಸೆಗೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಜಾನ್ ಚಾರ್ನ್ಲಿ.

ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಲ್ಯಾಂಕಾಶೈರ್‌ನ ಬರಿ ಎಂಬ ಊರಿನಲ್ಲಿ. ತಂದೆಗೆ ಔಷಧದ ಅಂಗಡಿ, ತಾಯಿ ದಾದಿ. ಮ್ಯಾಂಚೆಸ್ಟರ್‌ನಲ್ಲಿ ಓದಿ 1935ರಲ್ಲಿ ವೈದ್ಯರಾದರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಡಂಕರ್ಕ್‌ನಲ್ಲೂ ಈಜಿಪ್ಟಿನಲ್ಲೂ ಸೇವೆ ಸಲ್ಲಿಸಿದರು. ಮೂಳೆ ಮುರಿತದ ಚಿಕಿತ್ಸೆಯ ಬಗ್ಗೆ 1950ರಲ್ಲಿ ಅವರು ಬರೆದ ಪುಸ್ತಕ ಬಹಳ ಹೆಸರು ಮಾಡಿತು.

ಆ ಕಾಲದಲ್ಲಿ ಪ್ಲಾಸ್ಟಿಕ್ ಗುಂಡಿನ ಕೃತಕ ಕೀಲು ಹಾಕಿಸಿಕೊಂಡಿದ್ದ ರೋಗಿಯೊಬ್ಬರು ಬಾಗಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತಂತೆ. ಉಜ್ಜಾಟ ಹೆಚ್ಚಾದುದೇ ಇದಕ್ಕೆ ಕಾರಣವೆಂದು ಚಾರ್ನ್ಲಿ ಕಂಡುಕೊಂಡರು. ಉಜ್ಜಾಟ ಕಡಿಮೆಯಾದರೆ ಕೀಲು ಸಡಿಲವಾಗುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಅವರು ತೊಡೆಮೂಳೆಗೆ ಸುಮಾರು 22 ಮಿಲಿಮೀಟರ್ ಅಗಲದ ಚಿಕ್ಕ ಲೋಹದ ಗುಂಡು, ಅದು ತಿರುಗಲು ನುಣುಪಾದ ಟೆಫ್ಲಾನ್ ಬಟ್ಟಲು ಎಂಬ ವ್ಯವಸ್ಥೆಗೆ ಬಂದರು. ಹಲ್ಲಿನ ವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಸಿಮೆಂಟಿನಿಂದ ಇವನ್ನು ಮೂಳೆಗೆ ಕೂರಿಸಿದರು. ಈ ಸಿಮೆಂಟು ಅಂಟಿನಂತೆ ಹಿಡಿಯುವುದಿಲ್ಲ, ಗಾರೆಯಂತೆ ಸಂದುಗಳನ್ನು ತುಂಬಿ ಭಾರವನ್ನು ಹಂಚುತ್ತದೆ.

ಮೊದಮೊದಲು ಫಲಿತಾಂಶ ಬೆರಗು ಹುಟ್ಟಿಸಿತು. ಆದರೆ ಎರಡು-ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆಯಿತು. ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆಣಕಿ ಮೂಳೆಯನ್ನೂ ಹಾಳುಮಾಡಿತು. ಸುಮಾರು 300 ರೋಗಿಗಳಿಗೆ ಆ ಕೀಲು ಹಾಕಿಯಾಗಿತ್ತು! ಚಾರ್ನ್ಲಿ ಇದನ್ನು ಮುಚ್ಚಿಡಲಿಲ್ಲ, ರೋಗಿಗಳ ಕೈಬಿಡಲೂ ಇಲ್ಲ. ಕೆಟ್ಟ ಕೀಲುಗಳನ್ನು ಒಂದೊಂದಾಗಿ ತಾವೇ ಹೊರತೆಗೆದರು. ಟೆಫ್ಲಾನ್ ದೇಹದಲ್ಲಿ ಏನು ಮಾಡುತ್ತದೆಂದು ತಿಳಿಯಲು ಅದರ ಪುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ನೋಡಿದರು.

1962ರಲ್ಲಿ ಅವರ ಪ್ರಯೋಗಾಲಯದ ಸಹಾಯಕ ಹ್ಯಾರಿ ಕ್ರೇವನ್ ಕೈಗೆ ಹೊಸ ಪ್ಲಾಸ್ಟಿಕ್ಕಿನ ತುಂಡೊಂದು ಬಂತು. ಅದು ಮಗ್ಗಗಳ ಹಲ್ಲುಚಕ್ರಕ್ಕೆ ಬಳಸುತ್ತಿದ್ದ ಪಾಲಿಎಥಿಲೀನ್. ಚಾರ್ನ್ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ ಬೇಡವೆಂದರು. ಕ್ರೇವನ್ ಮಾತ್ರ ಸವೆತ ಅಳೆಯುವ ಯಂತ್ರಕ್ಕೆ ಅದನ್ನು ಹಾಕಿಯೇಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಅದು ಮೂರು ವಾರಗಳಲ್ಲಿ ಸವೆದಿರಲಿಲ್ಲ. ಚಾರ್ನ್ಲಿ ಆ ಫಲಿತಾಂಶಕ್ಕೆ ತಲೆಬಾಗಿದರು. ಅದೇ ವರ್ಷದ ನವೆಂಬರಿನಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಹೊಸ ಬಟ್ಟಲನ್ನು ರೋಗಿಗೆ ಕೂರಿಸಿದರು.

ಒಮ್ಮೆ ಪೆಟ್ಟು ತಿಂದ ಅವರು ಈ ಸಲ ಅವಸರಪಡಲಿಲ್ಲ. ರೈಟಿಂಗ್ಟನ್‌ಗೆ ಬಂದು ಕಲಿತ ವೈದ್ಯರಿಗೆ ಮಾತ್ರ ಕೀಲು ಸಿಗುವಂತೆ ವರ್ಷಗಳ ಕಾಲ ನೋಡಿಕೊಂಡರು. ಮರಣಾನಂತರ ಕೀಲನ್ನು ಪರೀಕ್ಷೆಗೆ ಬಿಟ್ಟುಕೊಡುವಂತೆ ರೋಗಿಗಳನ್ನು ಕೇಳಿಕೊಂಡರು. ಶುದ್ಧ ಗಾಳಿ ಹರಿಯುವ ಕೊಠಡಿಯನ್ನೂ, ವೈದ್ಯರ ಉಸಿರು ಗಾಯಕ್ಕೆ ತಾಗದ ಉಡುಪನ್ನೂ ರೂಪಿಸಿದರು. ಶೇ. 7ರಷ್ಟಿದ್ದ ಸೋಂಕು ಶೇ. 1ಕ್ಕಿಂತ ಕೆಳಗಿಳಿಯಿತು.

1974ರಲ್ಲಿ ಲಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ ಅವರನ್ನು ಅರಸಿ ಬಂದವು. 1982ರ ಆಗಸ್ಟ್ 5ರಂದು ಅವರು ನಿಧನರಾದರು.

ಪಾಲಿಎಥಿಲೀನಿನ ಗುಣಮಟ್ಟ ಈಗ ಇನ್ನಷ್ಟು ಸುಧಾರಿಸಿದೆ. ಆದರೂ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಎಂಬ ಮೂಲ ತತ್ವ ಇಂದಿಗೂ ಬಳಕೆಯಲ್ಲಿದೆ. ಊರುಗೋಲು ಬದಿಗಿಟ್ಟು ನಡೆಯುವ ಹಿರಿಯರನ್ನು ಕಂಡಾಗ, ಸೋಲನ್ನು ಒಪ್ಪಿಕೊಂಡು ಮತ್ತೆ ಮೊದಲಿನಿಂದ ಆರಂಭಿಸಿದ ಈ ವೈದ್ಯರನ್ನು ನಾವು ನೆನೆಯೋಣ. ಸಹಾಯಕರ ಮಾತಿಗೂ ಕಿವಿಗೊಡುವ ಅವರ ದೊಡ್ಡ ಗುಣ ನಮ್ಮಲ್ಲೂ ಬೆಳೆಯಲಿ.