ತೆರೆ ಮೇಲೆ ಹೀರೊನ ಕೈ, ಕಿವಿಗೆ ಬಿದ್ದ ತಾಳ ಇನ್ನೊಬ್ಬನದು: ಡ್ರಮ್ಮರ್ ಹಿದೆಯೊ ಶಿರಾಕಿಯ ಕತೆ

1957ರ ಡಿಸೆಂಬರ್ ಕೊನೆಯಲ್ಲಿ ಜಪಾನಿನ ಥಿಯೇಟರುಗಳಿಗೆ ಒಂದು ಸಿನಿಮಾ ಬಂತು. ಹೆಸರು 'ಅರಾಶಿ ಒ ಯೋಬು ಒತೊಕೊ'. ಬಿರುಗಾಳಿಯನ್ನು ಕರೆಯುವ ಗಂಡಸು ಅಂತ ಅರ್ಥ. ನಿಕ್ಕಾತ್ಸು ಕಂಪನಿಯ ಚಿತ್ರ, ಹೀರೊ ಯುಜಿರೊ ಇಶಿಹಾರ. ಟೋಕಿಯೊದ ಗಿಂಜಾ ಬೀದಿಯಲ್ಲಿ ಹೊಡೆದಾಡಿಕೊಂಡಿದ್ದ ಹುಡುಗ ಜಾಝ್ ಡ್ರಮ್ಮರ್ ಆಗಿ ಮೇಲೇಳುವ ಕತೆ. ಡ್ರಮ್ ಸ್ಪರ್ಧೆಗೆ ಮುಂಚೆ ರೌಡಿಗಳ ಜೊತೆ ಜಗಳವಾಗಿ ಅವನ ಕೈಗೆ ಪೆಟ್ಟಾಗುತ್ತೆ. ವೇದಿಕೆ ಮೇಲೆ ಆ ಕೈ ಸೋತಾಗ ಮೈಕ್ ಎಳೆದುಕೊಂಡು ಹಾಡೋಕೆ ಶುರುಮಾಡ್ತಾನೆ. ಜನ ಹುಚ್ಚೆದ್ದು ನೋಡಿದರು. ಯುಜಿರೊ ರಾತ್ರೋರಾತ್ರಿ ಅಲ್ಲದಿದ್ದರೂ ಆ ಚಳಿಗಾಲ ಮುಗಿಯುವಷ್ಟರಲ್ಲಿ ದೇಶದ ಅತಿ ದೊಡ್ಡ ತಾರೆಯಾಗಿದ್ದ. (ಇವನ ಅಣ್ಣ ಶಿಂತಾರೊ ಇಶಿಹಾರ ಕಾದಂಬರಿಕಾರ. ಮುಂದೆ ಟೋಕಿಯೊದ ಗವರ್ನರ್ ಆಗಿ, ಕಟ್ಟಾ ರಾಷ್ಟ್ರವಾದಿ ಅಂತ ಹೆಸರು ಮಾಡಿದವನು. ಅದು ಬೇರೆಯೇ ಕತೆ, ಬಿಡಿ.)

ತೆರೆ ಮೇಲೆ ಕೋಲು ಹಿಡಿದದ್ದು ಯುಜಿರೊ. ಕಿವಿಗೆ ಬಿದ್ದ ಡ್ರಮ್ಮು ಮಾತ್ರ ಹಿದೆಯೊ ಶಿರಾಕಿಯದು. ನಮ್ಮಲ್ಲಿ ಹಿನ್ನೆಲೆ ಗಾಯಕರ ಹೆಸರಾದರೂ ರೇಡಿಯೊದಲ್ಲಿ ಕೇಳಿ ಜನಕ್ಕೆ ಗೊತ್ತಿರುತ್ತೆ. ಹಿನ್ನೆಲೆ ಡ್ರಮ್ಮರ್ ಹೆಸರು ಯಾರು ಕೇಳ್ತಾರೆ? ಹಾಗಂತ ಶಿರಾಕಿ ಅನಾಮಧೇಯನೇನೂ ಅಲ್ಲ. ಜಾಝ್ ಕೇಳುವವರಿಗೆ ಆಗಲೇ ಆತ ದೊಡ್ಡ ಹೆಸರು, ನೋಡೋಕೂ ಸ್ಫುರದ್ರೂಪಿ. ಆದರೂ ಆತನ ಕೈಚಳಕವನ್ನು ಅತಿ ಹೆಚ್ಚು ಜನ ಕೇಳಿದ್ದು ಬೇರೊಬ್ಬನ ಮುಖದ ಜೊತೆ. ಆತನ ಬದುಕಿನುದ್ದಕ್ಕೂ ಈ ಥರದ್ದೊಂದು ತಕರಾರು ಇದ್ದೇ ಇತ್ತು. ನುಡಿಸೋದು ಇವನು, ಅದು ಯಾರ ಸಂಗೀತ ಅಂತ ತೀರ್ಮಾನಿಸೋದು ಇನ್ಯಾರೋ.

ಶಿರಾಕಿ ಹುಟ್ಟಿದ್ದು 1933ರಲ್ಲಿ, ಟೋಕಿಯೊದಲ್ಲಿ. ಯುದ್ಧ ಮುಗಿದಾಗ ಹನ್ನೆರಡು ವರ್ಷದ ಹುಡುಗ. ಯುದ್ಧದ ಕಾಲದಲ್ಲಿ ಜಾಝ್ ಅಂದರೆ ಶತ್ರುವಿನ ಸಂಗೀತ, ಅದಕ್ಕೆ ನಿಷೇಧ. 1945ರ ನಂತರ ಅದೇ ಶತ್ರು ಊರೊಳಗೆ ಬಂದು ಕೂತ, 1952ರವರೆಗೂ ಆಡಳಿತ ಅವನದೇ. ಅಮೆರಿಕನ್ ಸೈನಿಕರ ಕ್ಲಬ್ಬುಗಳಲ್ಲಿ ಪ್ರತಿ ರಾತ್ರಿ ಬ್ಯಾಂಡ್ ಬೇಕಿತ್ತು. ನಿನ್ನೆ ಮೊನ್ನೆವರೆಗೆ ಅಪರಾಧವಾಗಿದ್ದ ಸಂಗೀತ ಹಸಿದ ಊರಲ್ಲಿ ಅನ್ನ ಕೊಡುವ ಕೆಲಸವಾಯಿತು. ನುಡಿಸುವವರಿಗೆ ಪರೀಕ್ಷೆ ಇಟ್ಟು ದರ್ಜೆ ಕೊಡುತ್ತಿದ್ದರು, ದರ್ಜೆಗೆ ತಕ್ಕ ಸಂಬಳ. ಜಪಾನಿನ ಯುದ್ಧೋತ್ತರ ಜಾಝ್‌ನ ಬೇರು ಇರೋದು ಇಲ್ಲಿ, ಗೆದ್ದ ಸೈನ್ಯದ ಕ್ಯಾಂಪಿನಲ್ಲಿ.

ಆ ಕಾಲದ ಡ್ರಮ್ ಹೀರೊ ಜಾರ್ಜ್ ಕವಾಗುಚಿ. 1953ರಲ್ಲಿ ಹಿದೆಹಿಕೊ ಮತ್ಸುಮೊತೊ, ಹಚಿದೈ ನಕಾಮುರ, ಮಿತ್ಸುರು ಓನೊ ಜೊತೆ ಸೇರಿ 'ಬಿಗ್ ಫೋರ್' ಕಟ್ಟಿದವನು. ಇವನದು ಅಬ್ಬರದ ಶೈಲಿ. ಟಾಮ್‌ಗಳ ಮೇಲೆ ಉದ್ದುದ್ದ ಸೋಲೊ, ಬೆವರು, ಚಪ್ಪಾಳೆ. ಶಿರಾಕಿ ಬಂದ ದಾರಿ ಬೇರೆ. ಆತ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ತಾಳವಾದ್ಯ ಕಲಿಯೋಕೆ ಹೋಗಿ, ಅರ್ಧಕ್ಕೆ ಬಿಟ್ಟು ಜಾಝ್ ಹಿಡಿದವನು. ಆ ಪಾಠದ ಗುರುತು ಕೊನೆವರೆಗೂ ಕೈಯಲ್ಲಿ ಉಳೀತು. ಎಷ್ಟು ವೇಗವಾಗಿ ನುಡಿಸಿದರೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಎಣಿಸುವ ಹಾಗೆ ಕೇಳುತ್ತೆ.

ಆತ ಆರಿಸಿಕೊಂಡದ್ದು ಹಾರ್ಡ್‌ಬಾಪ್. ಸ್ವಿಂಗ್ ಕಾಲದಲ್ಲಿ ತಾಳದ ಭಾರ ಹೊರುತ್ತಿದ್ದದ್ದು ಕಾಲಲ್ಲಿ ಒದೆಯುವ ಬಾಸ್ ಡ್ರಮ್. ಬಾಪ್ ಬಂದ ಮೇಲೆ ಆ ಕೆಲಸ ಬಲಗೈಯ ರೈಡ್ ಸಿಂಬಲ್‌ಗೆ ಹೋಯಿತು. ಎಡಗಾಲಿನ ಹೈಹ್ಯಾಟ್ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಚಕ್ ಅನ್ನುತ್ತೆ. ಎಡಗೈಗೂ ಬಲಗಾಲಿಗೂ ಸ್ವಾತಂತ್ರ್ಯ ಸಿಕ್ಕಿತು. ತುತ್ತೂರಿಯವನು ಒಂದು ಮಾತು ಹೇಳಿದರೆ ನಡುವೆ ಬಾಯಿ ಹಾಕಬಹುದು, ಕೆಣಕಬಹುದು, ಸುಮ್ಮನೂ ಇರಬಹುದು. ಈ ಶೈಲಿಯ ಗುರು ಆರ್ಟ್ ಬ್ಲೇಕಿ. ಸ್ನೇರ್ ಮೇಲೆ ಕೋಲು ಒತ್ತಿ ಹಿಡಿದು ಗುಡುಗಿನ ಥರ ಏರಿಸುವ ಆತನ ರೋಲ್ ಕೇಳಿದರೆ ಸಾಕು, ಯಾರು ಅಂತ ಗೊತ್ತಾಗುತ್ತೆ. ಶಿರಾಕಿ ಆ ಪಾಠ ಚೆನ್ನಾಗಿ ಕಲಿತ. 1950ರ ದಶಕದ ಕೊನೆಗೆ ಆತನ ಕ್ವಿಂಟೆಟ್ ದೇಶದಲ್ಲೇ ಅತ್ಯಂತ ಜನಪ್ರಿಯ ತಂಡಗಳಲ್ಲಿ ಒಂದು.

1961ರ ಜನವರಿಯಲ್ಲಿ ಬ್ಲೇಕಿ ಖುದ್ದು ತನ್ನ ಜಾಝ್ ಮೆಸೆಂಜರ್ಸ್ ಜೊತೆ ಜಪಾನಿಗೆ ಬಂದ. ಅದಕ್ಕೆ ಆರೇಳು ತಿಂಗಳ ಹಿಂದಷ್ಟೇ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದಿದ್ದರು. ಸಂಸತ್ತಿನ ಬಳಿ ಮಿಚಿಕೊ ಕಾಂಬಾ ಎಂಬ ವಿದ್ಯಾರ್ಥಿನಿ ಸತ್ತಿದ್ದಳು, ಪ್ರಧಾನಿ ಕಿಶಿ ರಾಜೀನಾಮೆ ಕೊಟ್ಟಿದ್ದ. ಆ ಸಿಟ್ಟಿನ ಊರು ಅಮೆರಿಕನ್ ಬ್ಯಾಂಡನ್ನು ಎದೆಗಪ್ಪಿಕೊಂಡಿತು. 'ಮೋನಿನ್' ರಾಗವನ್ನು ಸೋಬಾ ಅಂಗಡಿಯ ಡೆಲಿವರಿ ಹುಡುಗರೂ ಗುನುಗುತ್ತಿದ್ದರು ಅನ್ನೋದು ಅಲ್ಲಿ ಇವತ್ತಿಗೂ ಹೇಳುವ ಮಾತು. ಇದರಲ್ಲಿ ವಿರೋಧಾಭಾಸ ಹುಡುಕೋದು ಸುಲಭ. ನನಗೇನೋ ಹಾಗನ್ನಿಸಲ್ಲ. ಸೈನಿಕ ನೆಲೆಗಳ ಅಮೆರಿಕ ಬೇರೆ, ಅದೇ ಅಮೆರಿಕದಲ್ಲಿ ಎರಡನೇ ದರ್ಜೆಯವರಾಗಿ ಬದುಕಿದ ಕಪ್ಪು ಜನರ ಸಂಗೀತ ಬೇರೆ ಅಂತ ಆ ಹುಡುಗ ಹುಡುಗಿಯರಿಗೆ ಗೊತ್ತಿತ್ತು. ಅಲ್ಲಿ ಸಿಕ್ಕ ಗೌರವವನ್ನು ಬ್ಲೇಕಿಯೂ ಮರೆಯಲಿಲ್ಲ.

ಆದರೆ ಜಪಾನಿನ ಡ್ರಮ್ಮರ್‌ಗೆ ಇದರಿಂದ ಒಂದು ಸಂಕಟ ಶುರುವಾಯಿತು. ಬ್ಲೇಕಿ ಥರ ನುಡಿಸಿದರೆ ನಕಲು ಅಂತಾರೆ, ನುಡಿಸದಿದ್ದರೆ ಇದು ಜಾಝ್ ಅಲ್ಲ ಅಂತಾರೆ. ಶಿರಾಕಿ ಹುಡುಕಿದ ದಾರಿ 'ಮತ್ಸುರಿ ನೊ ಗೆನ್ಸೊ'. ಮತ್ಸುರಿ ಅಂದರೆ ಊರಹಬ್ಬ, ಜಾತ್ರೆ. ಹಬ್ಬದ ನಗಾರಿಯ ನಡೆಯನ್ನು ಟಾಮ್‌ಗಳಿಗೆ ತಂದು, ಕೊಟೊ ವಾದ್ಯವನ್ನು ಬ್ಯಾಂಡಿನೊಳಗೆ ಕೂರಿಸಿದ ಪ್ರಯೋಗ ಇದು. ಹೇಳುವಷ್ಟು ಸುಲಭ ಅಲ್ಲ. ಕೊಟೊಗೆ 13 ತಂತಿ. ತಂತಿ ಕೆಳಗಿನ ಕುದುರೆಗಳನ್ನು ಸರಿಸಿ ಮೊದಲೇ ಶ್ರುತಿ ಕಟ್ಟಿಟ್ಟುಕೊಳ್ಳಬೇಕು, ಜಾಝ್‌ನ ಹಾಗೆ ಕ್ಷಣಕ್ಷಣಕ್ಕೆ ಸ್ವರಮೇಳ ಬದಲಿಸೋಕೆ ಅದು ಒಗ್ಗಲ್ಲ. ಅದರ ದನಿಯೂ ಸಣ್ಣದು. ಡ್ರಮ್ಮರ್ ಸ್ವಲ್ಪ ಕೈ ಬಿಗಿ ಹಿಡಿಯದಿದ್ದರೆ ಮುಳುಗೇ ಹೋಗುತ್ತೆ. ಗುಡುಗೋದನ್ನು ಕಲಿತವನು ಇಲ್ಲಿ ಜಾಗ ಬಿಡೋದನ್ನು ಕಲಿಯಬೇಕಾಯಿತು.

ಈ ಪ್ರಯೋಗ ಯುರೋಪಿನ ಕಿವಿಗೂ ಬಿತ್ತು. 1965ರಲ್ಲಿ ಜರ್ಮನ್ ವಿಮರ್ಶಕ ಯೋಆಖಿಮ್ ಎರ್ನ್ಸ್ಟ್ ಬೆರೆಂಟ್ ಶಿರಾಕಿಯ ಕ್ವಿಂಟೆಟ್ ಅನ್ನು ಬರ್ಲಿನ್ ಜಾಝ್ ಉತ್ಸವಕ್ಕೆ ಕರೆಸಿದ, ಜೊತೆಗೆ ಮೂವರು ಕೊಟೊ ಕಲಾವಿದೆಯರು. ಅಲ್ಲೇ ಧ್ವನಿಮುದ್ರಣವಾದ ಆಲ್ಬಮ್ 'ಸಕುರಾ ಸಕುರಾ'. ಜಾಝ್ ಜಗತ್ತನ್ನು ಭೇಟಿಯಾಗುತ್ತೆ ಅನ್ನೋ ಬೆರೆಂಟ್‌ನ ಸರಣಿಯಲ್ಲಿ ಅದು ಬಂತು. ಕೆಲ ವರ್ಷದಲ್ಲೇ ಅದೇ ಸರಣಿಯಲ್ಲಿ ಭಾರತದ ಸರದಿಯೂ ಬಂತು. ಉದ್ದೇಶ ಒಳ್ಳೆಯದೇ. ಆದರೆ ಗಮನಿಸಿ, ಫ್ರಾನ್ಸಿನ ಪಿಯಾನೊದವನಿಗೆ ಫ್ರೆಂಚ್ ಜನಪದ ತಗೊಂಡು ಬಾ ಅಂತ ಯಾರೂ ಹೇಳಲಿಲ್ಲ. ಏಷ್ಯಾದವನು ವೇದಿಕೆ ಹತ್ತಬೇಕಾದರೆ ತನ್ನ ಊರಿನ ಗುರುತಿನ ಚೀಟಿ ತೋರಿಸಬೇಕು. ಶಿರಾಕಿಯ ವಿಷಯದಲ್ಲಿ ಕೊಟೊ ಆತನದೇ ಆಯ್ಕೆ, ಬರ್ಲಿನ್‌ಗಿಂತ ಮೊದಲೇ ಮಾಡಿದ್ದು. ಹೊರಗಿನವರು ಕೇಳಿದ್ದು ಮಾತ್ರ ಅದನ್ನಷ್ಟೇ.

ಆ ಆಲ್ಬಮ್‌ನಲ್ಲಿ ಕೊಟೊ ಇಲ್ಲದ ಕಡೆ ಏನಾಗುತ್ತೆ ಅಂತ ಕೇಳಿ. ಟ್ರಂಪೆಟ್ ಹಿಡಿದ ಹುಡುಗ ತೆರುಮಸ ಹಿನೊ, ಆಗ 23 ವರ್ಷ. ಆತನ ರಚನೆ 'ಅಲೋನ್, ಅಲೋನ್ ಅಂಡ್ ಅಲೋನ್' ಅನ್ನು ಅಮೆರಿಕದ ಬ್ಲೂ ಮಿಚೆಲ್ ಅದೇ ವರ್ಷ ಬ್ಲೂ ನೋಟ್ ಕಂಪನಿಗೆ ನುಡಿಸಿದ. ಅಂದರೆ ಸಂಗೀತ ತಿರುಗುಮುಖವಾಗಿ ಹರಿಯೋಕೆ ಶುರುವಾಗಿತ್ತು, ಯಾವ ಹಬ್ಬದ ನಗಾರಿಯ ಹಂಗೂ ಇಲ್ಲದೆ. ಅಂಥ ಹುಡುಗರನ್ನು ಗುರುತಿಸಿ ತಂಡಕ್ಕೆ ತಂದು ಬೆಳೆಸಿದ್ದು ಶಿರಾಕಿಯ ದೊಡ್ಡ ಕೆಲಸ ಅಂತ ನನಗನ್ನಿಸುತ್ತೆ. ಅದಕ್ಕೆ ಪೋಸ್ಟರ್ ಇರಲ್ಲ, ಅಷ್ಟೇ.

ಆಮೇಲಿನದು ಬೇಗ ಮುಗಿಯುವ ಕತೆ. ನಟಿ ಯೋಶಿಯೆ ಮಿಜುತಾನಿ ಜೊತೆಗಿನ ಮದುವೆ ಬರ್ಲಿನ್‌ಗೆ ಮೊದಲೇ ಮುರಿದಿತ್ತು. ಬೀಟಲ್ಸ್ ಬಂದರು, ಗಿಟಾರ್ ಬ್ಯಾಂಡುಗಳು ಎದ್ದವು, ಜಾಝ್ ಒಳಗೇ ಫ್ರೀ ಜಾಝ್‌ನ ಹೊಸ ಹುಡುಗರು ಬಂದರು. ಹಿನೊ ಸ್ವಂತ ತಂಡ ಕಟ್ಟಿ ತಾರೆಯಾದ. ಶಿರಾಕಿಯ ಹೆಸರು ಪೋಸ್ಟರುಗಳಿಂದ ಮಾಯವಾಗುತ್ತಾ ಬಂತು. 1972ರ ಆಗಸ್ಟ್‌ನಲ್ಲಿ, ನೈಟ್‌ಕ್ಲಬ್ಬುಗಳ ಬಡಾವಣೆ ಅಕಸಾಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಆತನ ಶವ ಸಿಕ್ಕಿತು. ಸತ್ತು ಎಷ್ಟೋ ದಿನ ಕಳೆದಿತ್ತು. ನಿದ್ದೆಮಾತ್ರೆ ಹೆಚ್ಚಾಗಿತ್ತು. ವಯಸ್ಸು 39.

'ಬಿರುಗಾಳಿ' ಸಿನಿಮಾ ಆಗಲೇ 1966ರಲ್ಲಿ ಒಮ್ಮೆ ರೀಮೇಕ್ ಆಗಿತ್ತು, 1983ರಲ್ಲಿ ಇನ್ನೊಮ್ಮೆ ಆಯಿತು. ಹೀರೊಗಳು ಬದಲಾದರು. ಶಿರಾಕಿಯ ಹಳೆ ರೆಕಾರ್ಡುಗಳನ್ನು ಈಗ ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಮೊದಲ ಸಿನಿಮಾದ ಆ ಸ್ಪರ್ಧೆಯ ದೃಶ್ಯ ಸಿಕ್ಕರೆ ನೋಡಿ. ಹೀರೊ ಹಾಡೋಕೆ ಶುರುಮಾಡುವ ಮುಂಚಿನ ಭಾಗವನ್ನು ಕಣ್ಣು ಮುಚ್ಚಿ ಕೇಳಿ.