ಮರಿಯಾ ಥೆರೇಸಾ: ಉತ್ತರಾಧಿಕಾರ ಮತ್ತು ಬಿರುದಿನ ಪ್ರಶ್ನೆ

ಹದಿನೆಂಟನೆಯ ಶತಮಾನದ ಯುರೋಪಿನ ಚರಿತ್ರೆಯಲ್ಲಿ ಮರಿಯಾ ಥೆರೇಸಾ ಸಾಮ್ರಾಜ್ಞಿಯೆಂದೇ ಪ್ರಸಿದ್ಧಳು. ಆದರೆ ಆ ಬಿರುದು ಅವಳಿಗೆ ಬಂದುದು ಪತಿಯ ಮೂಲಕ. ಸ್ವಂತ ಹಕ್ಕಿನಿಂದ ಅವಳು ಆಳಿದ ನೆಲೆ ಬೇರೆ. ಅದನ್ನು ಉಳಿಸಿಕೊಳ್ಳಲು ಎಂಟು ವರ್ಷ ಯುದ್ಧ ನಡೆಯಬೇಕಾಯಿತು.

1717ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಆಕೆ ಹ್ಯಾಬ್ಸ್‌ಬರ್ಗ್ ವಂಶದ ಆರನೆಯ ಚಾರ್ಲ್ಸ್‌ನ ಮಗಳು. ಗಂಡು ಸಂತಾನವಿಲ್ಲದಿದ್ದರೆ ತನ್ನ ನಾಡುಗಳು ಅವಿಭಕ್ತವಾಗಿ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂದು ಚಾರ್ಲ್ಸ್ 1713ರಲ್ಲಿ ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್ ಎಂಬ ಶಾಸನವನ್ನು ಹೊರಡಿಸಿದನು. ಅದಕ್ಕೆ ಪರರಾಜರ ಒಪ್ಪಿಗೆ ಗಳಿಸುವುದರಲ್ಲಿ ವರ್ಷಗಳನ್ನೇ ಕಳೆದ ಅವನು ಮಗಳಿಗೆ ರಾಜ್ಯಾಡಳಿತದ ಶಿಕ್ಷಣ ಕೊಡಿಸಲಿಲ್ಲ. 1740ರ ಅಕ್ಟೋಬರಿನಲ್ಲಿ ಅವನು ಮಡಿದಾಗ ಅವಳಿಗೆ 23 ವರ್ಷ. ಡಿಸೆಂಬರಿನಲ್ಲಿಯೇ ಪ್ರಷ್ಯಾದ ಎರಡನೆಯ ಫ್ರೆಡರಿಕ್ ಸೈಲೀಸಿಯಾವನ್ನು ಹೊಕ್ಕನು. ಬವೇರಿಯಾದ ಚಾರ್ಲ್ಸ್ ಆಲ್ಬರ್ಟ್ ತಾನೇ ಹಕ್ಕುದಾರನೆಂದನು. ಫ್ರಾನ್ಸ್ ಅವನ ಬೆನ್ನಿಗೆ ನಿಂತಿತು.

ಈ ಸಂಕಟದಲ್ಲಿ ಹಂಗರಿಯ ಪಾತ್ರ ನಿರ್ಣಾಯಕವಾದುದು. 1741ರ ಜೂನಿನಲ್ಲಿ ಪ್ರೆಸ್‌ಬರ್ಗ್‌ನಲ್ಲಿ, ಅಂದರೆ ಇಂದಿನ ಬ್ರಾಟಿಸ್ಲಾವಾದಲ್ಲಿ, ಅವಳು ಸಂತ ಸ್ಟೀಫನ್ನನ ಕಿರೀಟವನ್ನು ಧರಿಸಿದಳು. ಕುದುರೆಯೇರಿ ದಿಬ್ಬವನ್ನು ಹತ್ತಿ, ನಾಲ್ಕೂ ದಿಕ್ಕಿಗೆ ಖಡ್ಗ ಬೀಸುವ ವಿಧಿಯನ್ನೂ ನೆರವೇರಿಸಿದಳು. ಅಲ್ಲಿನ ಶ್ರೀಮಂತರು ಅವಳನ್ನು ಸಂಬೋಧಿಸಿದುದು ರಾಣಿಯೆಂದಲ್ಲ, ರಾಜನೆಂಬ ಲ್ಯಾಟಿನ್ ಪುಲ್ಲಿಂಗ ಪದದಿಂದ. ರಾಜತ್ವದ ಪರಿಭಾಷೆ ಹೆಣ್ಣಿಗಾಗಿ ಬದಲಾಗಲಿಲ್ಲ. ಹೆಣ್ಣೇ ಆ ಪರಿಭಾಷೆಯೊಳಗೆ ಸೇರಬೇಕಾಯಿತು. ಸೆಪ್ಟೆಂಬರಿನಲ್ಲಿ ಅವಳು ಹಸುಗೂಸನ್ನೆತ್ತಿಕೊಂಡು ಸಭೆಯಲ್ಲಿ ನೆರವು ಯಾಚಿಸಿದಳೆಂಬ ಜನಪ್ರಿಯ ಚಿತ್ರ ನಿಜವಲ್ಲ. ಮಗು ಜೋಸೆಫ್‌ನನ್ನು ಸಭೆಗೆ ತೋರಿಸಿದುದು ಕೆಲವು ದಿನಗಳ ಅನಂತರ. ತನ್ನ ಸವಲತ್ತುಗಳಿಗೆ ಮನ್ನಣೆ ಪಡೆದೇ ಸಭೆ ಸೈನ್ಯ ಕೊಡಲೊಪ್ಪಿತು. ದಂತಕಥೆ ಈ ಚೌಕಾಸಿಯನ್ನು ಮರೆಸಿ ತಾಯ್ತನವನ್ನಷ್ಟೇ ಉಳಿಸಿಕೊಂಡಿದೆ.

ಪವಿತ್ರ ರೋಮನ್ ಸಾಮ್ರಾಜ್ಯದ ಪೀಠಕ್ಕೆ ಹೆಣ್ಣು ಆಯ್ಕೆಯಾಗುವಂತಿರಲಿಲ್ಲ. 1742ರಲ್ಲಿ ಅದು ಚಾರ್ಲ್ಸ್ ಆಲ್ಬರ್ಟನಿಗೆ ಸಂದಿತು. ಅವನು ಮಡಿದ ಮೇಲೆ, 1745ರಲ್ಲಿ, ಅವಳ ಪತಿ ಫ್ರಾನ್ಸಿಸನಿಗೆ. ಫ್ರಾಂಕ್‌ಫರ್ಟಿನಲ್ಲಿ ಪತಿಯೊಂದಿಗೆ ಕಿರೀಟ ಧರಿಸಲು ಅವಳು ನಿರಾಕರಿಸಿದಳು.

ಆದರೆ ಅವಳನ್ನು ಕೇವಲ ಅನ್ಯಾಯಕ್ಕೊಳಗಾದ ವಾರಸುದಾರಳೆಂದು ಕಾಣುವುದು ಸಾಧುವಲ್ಲ. ಯುದ್ಧದ ನಡುವೆಯೇ, 1744ರ ಡಿಸೆಂಬರಿನಲ್ಲಿ, ಪ್ರಾಗ್‌ನ ಯಹೂದಿಗಳನ್ನು ಹೊರಹಾಕುವ ಆಜ್ಞೆಯನ್ನು ಹೊರಡಿಸಿದವಳೂ ಅವಳೇ.

1748ರ ಏಕ್ಸ್-ಲಾ-ಶಪೆಲ್ ಒಪ್ಪಂದ ಅವಳ ಉತ್ತರಾಧಿಕಾರವನ್ನು ಮಾನ್ಯಮಾಡಿತು. ಸೈಲೀಸಿಯಾ ಮಾತ್ರ ಪ್ರಷ್ಯಾದಲ್ಲಿಯೇ ಉಳಿಯಿತು. 1746ರಲ್ಲಿ ಫ್ರೆಂಚರು ಹಿಡಿದಿದ್ದ ಮದರಾಸು ಇಂಗ್ಲಿಷರಿಗೆ ಮರಳಿದುದೂ ಇದೇ ಒಪ್ಪಂದದಿಂದ. ನಮ್ಮ ಪಠ್ಯಗಳ ಮೊದಲನೆಯ ಕರ್ನಾಟಿಕ್ ಯುದ್ಧ ಈ ಕಲಹದ ಕವಲು. ಸೈಲೀಸಿಯಾಕ್ಕಾಗಿ ಅವಳು 1756ರಿಂದ ಮತ್ತೆ ಏಳು ವರ್ಷ ಹೋರಾಡಿದಳು, ಅದು ದಕ್ಕಲಿಲ್ಲ. 1780ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಅವಳನ್ನು ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ ಫ್ರಾನ್ಸಿಸನ ಪಕ್ಕದಲ್ಲಿ ಸಮಾಧಿ ಮಾಡಲಾಯಿತು.